ಮಕ್ಕಳ ಅಸ್ತಮಾ: ಪೋಷಕರು ತಿಳಿದಿರಬೇಕಾದ ಸಂಗತಿಗಳು

ವಿದ್ಯಾರ್ಥಿವೇತನದ ಅರ್ಜಿಗಳ ಜೊತೆ ಬರುವ ಹಾಜರಾತಿ ಪತ್ರಗಳಲ್ಲಿ ಒಂದು ಸಂಗತಿ ನಮ್ಮ ಗಮನಕ್ಕೆ ಬಂದಿದೆ. ಓದಿನಲ್ಲಿ ಮುಂದಿರುವ ಕೆಲವು ಮಕ್ಕಳು ಮಳೆಗಾಲ, ಚಳಿಗಾಲಗಳಲ್ಲಿ ಮೇಲಿಂದ ಮೇಲೆ ಶಾಲೆ ತಪ್ಪಿಸಿರುತ್ತಾರೆ. ಕಾರಣ ಕೇಳಿದರೆ ‘ಶೀತ, ಕೆಮ್ಮು’ ಎನ್ನುತ್ತಾರೆ. ಇನ್ನೂ ವಿಚಾರಿಸಿದರೆ ಕೆಲವರ ವಿಷಯದಲ್ಲಿ ಅದು ಅಸ್ತಮಾ ಎಂದು ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಉಬ್ಬಸ, ದಮ್ಮು ಎನ್ನುತ್ತಾರೆ. ಇದನ್ನು ಹತೋಟಿಯಲ್ಲಿಟ್ಟರೆ ಮಗು ಎಲ್ಲರಂತೆ ಓದಬಹುದು, ಆಡಬಹುದು. ಆದ್ದರಿಂದ ಈ ವರದಿಯಲ್ಲಿ ಎರಡು ಮಾತು ಬರೆಯುತ್ತಿದ್ದೇವೆ.

ಅಸ್ತಮಾ ಎಂದರೇನು?

ಶ್ವಾಸಕೋಶಕ್ಕೆ ಗಾಳಿ ಹೋಗುವ ಸಣ್ಣ ಕೊಳವೆಗಳ ಒಳಗೋಡೆ ಸದಾ ಊದಿಕೊಂಡು ಸೂಕ್ಷ್ಮವಾಗಿರುತ್ತದೆ. ಹೊಗೆ, ದೂಳು, ನೆಗಡಿ ತಗುಲಿದಾಗ ಕೊಳವೆಗಳು ಬಿಗಿದುಕೊಂಡು ಒಳಗೆ ಕಫ ಕಟ್ಟುತ್ತದೆ. ಆಗ ಎದೆಯಲ್ಲಿ ಸುಯ್ ಎಂಬ ಸದ್ದು, ರಾತ್ರಿ ಅಥವಾ ಬೆಳಗಿನ ಜಾವ ಕೆಮ್ಮು, ಓಡಿದಾಗ, ನಕ್ಕಾಗ ಏದುಸಿರು ಕಾಣಿಸುತ್ತವೆ. ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಯಾವ ಮಕ್ಕಳಿಗೆ ಹೆಚ್ಚು ಅಪಾಯ?

ತಂದೆ ತಾಯಿಗೆ ಅಸ್ತಮಾ ಅಥವಾ ಅಲರ್ಜಿ ಇದ್ದರೆ, ಮಗುವಿಗೆ ಚರ್ಮದ ಅಲರ್ಜಿ ಇದ್ದರೆ, ದಿನ ತುಂಬುವ ಮೊದಲೇ ಹುಟ್ಟಿದ್ದರೆ ಅಪಾಯ ಹೆಚ್ಚು. ಇವು ನಮ್ಮ ಕೈಯಲ್ಲಿಲ್ಲ. ಆದರೆ ಮಗು ಉಸಿರಾಡುವ ಗಾಳಿ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ನೋಡಿದ 20,000 ಮಕ್ಕಳಲ್ಲಿ ಅಸ್ತಮಾ ಇದ್ದವರ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರಲ್ಲಿ ಶೇ. 29.5ಕ್ಕೆ ಏರಿತ್ತು. ಶಾಲೆಗಳನ್ನು ಹೋಲಿಸಿದಾಗ, ವಾಹನ ಕಡಿಮೆ ಇರುವ ಕಡೆ ಸುಮಾರು ಶೇ. 11, ವಾಹನ ದಟ್ಟಣೆಯ ಕಡೆ ಶೇ. 19, ದಟ್ಟಣೆಯ ಜೊತೆಗೆ ಬಡತನವೂ ಇರುವ ಕಡೆ ಶೇ. 31 ಮಕ್ಕಳಿಗೆ ಅಸ್ತಮಾ ಕಂಡುಬಂತು. ರಸ್ತೆಯ ಬದಿಯ ಇಕ್ಕಟ್ಟಾದ ಮನೆಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಈ ಅಂಕಿಗಳು ದೂರದವಲ್ಲ.

ಮನೆಯೊಳಗೂ ಹೊಗೆ ಇದೆ. ಬೀಡಿ ಸಿಗರೇಟು, ಸೌದೆ ಒಲೆ, ಊದುಬತ್ತಿ, ಲೋಬಾನ ಎಲ್ಲವೂ ಈ ಮಕ್ಕಳಿಗೆ ತೊಂದರೆ ಕೊಡುತ್ತವೆ. ಒಂದು ಸೊಳ್ಳೆಬತ್ತಿ ಉರಿದಾಗ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು ಒಂದು ಅಧ್ಯಯನ ಹೇಳಿದೆ. ಸೊಳ್ಳೆಬತ್ತಿಯ ಬದಲು ಸೊಳ್ಳೆಪರದೆ ಕಟ್ಟಿ. ಬೀಡಿ ಕಟ್ಟುವ ಮನೆಗಳಲ್ಲಿ ತಂಬಾಕನ್ನು ಮಕ್ಕಳು ಮಲಗುವ ಕೋಣೆಯಿಂದ ದೂರವಿಡಿ. ಹಾಸಿಗೆ, ದಿಂಬುಗಳನ್ನು ಬಿಸಿಲಿಗೆ ಹಾಕಿ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಗೋಡೆ ಒದ್ದೆಯಾಗಿ ಬೂಸ್ಟು ಹಿಡಿದಿದ್ದರೆ ಸರಿಪಡಿಸಿ.

ಇನ್ಹೇಲರ್ ಬಗ್ಗೆ ಭಯ ಬೇಡ

‘ಪಂಪ್ ಹಚ್ಚಿಕೊಂಡರೆ ಬಿಡಲಾಗದು’ ಎಂಬ ಮಾತು ನಮ್ಮಲ್ಲಿ ಬಹಳ. ಇದು ನಿಜವಲ್ಲ. ಸಾಲ್ಬುಟಮಾಲ್ ಮಾತ್ರೆಯಲ್ಲಿ 2 ಮಿಲಿಗ್ರಾಂ ಔಷಧ ಇದ್ದರೆ, ಇನ್ಹೇಲರಿನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೊಗ್ರಾಂ, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಅದೂ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ.

ಇನ್ಹೇಲರ್‌ಗಳಲ್ಲಿ ಎರಡು ಬಗೆ. ಒಂದು ಉಸಿರು ಕಟ್ಟಿದಾಗ ತಕ್ಷಣ ಆರಾಮ ಕೊಡುವುದು. ಇನ್ನೊಂದು ಊತ ಇಳಿಸಿ ತೊಂದರೆ ಬರದಂತೆ ತಡೆಯುವುದು. ಎರಡನೆಯದನ್ನು ಡಾಕ್ಟರು ದಿನವೂ ಬಳಸಲು ಹೇಳಿದ್ದರೆ, ಮಗು ಚೆನ್ನಾಗಿದೆ ಎಂದು ನೀವಾಗಿಯೇ ನಿಲ್ಲಿಸಬೇಡಿ. ಚಿಕ್ಕ ಮಕ್ಕಳಿಗೆ ಸ್ಪೇಸರ್ ಎಂಬ ಕೊಳವೆ ಜೋಡಿಸಿ ಕೊಡಬೇಕು, ಬಳಸಿದ ಮೇಲೆ ಬಾಯಿ ಮುಕ್ಕಳಿಸಬೇಕು. ರಂಜಾನಿನಲ್ಲಿ ಉಪವಾಸ ಹಿಡಿಯುವ ದೊಡ್ಡ ಮಕ್ಕಳು ಈ ಔಷಧವನ್ನು ಸಹರಿ ಮತ್ತು ಇಫ್ತಾರ್ ಹೊತ್ತಿಗೆ ಹೊಂದಿಸಿಕೊಳ್ಳುವ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಲಿ. ಉಸಿರು ಕಟ್ಟಿದಾಗ ಮಾತ್ರ ಇಫ್ತಾರ್‌ಗೆ ಕಾಯಬಾರದು. ಉಪವಾಸವನ್ನು ಆಮೇಲೆ ಹಿಡಿಯಬಹುದು.

ಮಗು ಒಂದು ವಾಕ್ಯ ಪೂರ್ತಿ ಮಾತಾಡಲಾಗದಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆಳೆದರೆ, ತುಟಿ ನೀಲಿಯಾದರೆ ಇನ್ಹೇಲರ್ ಕೊಡುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಚ್ಚಿಡಬೇಡಿ

ಹೆಣ್ಣುಮಕ್ಕಳಿಗೆ ಅಸ್ತಮಾ ಇದ್ದರೆ ‘ನಾಳೆ ಮದುವೆಗೆ ತೊಡಕಾದೀತು’ ಎಂದು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟ ಕಾಯಿಲೆಗೆ ಚಿಕಿತ್ಸೆ ಸಿಗುವುದಿಲ್ಲ. ಹುಡುಗಿ ಶಾಲೆ ಬಿಡುತ್ತಾಳೆ, ಕೆಲವೊಮ್ಮೆ ಜೀವಕ್ಕೇ ಅಪಾಯ. ತರಗತಿಯ ಶಿಕ್ಷಕರಿಗೆ ತಿಳಿಸಿ, ಇನ್ಹೇಲರನ್ನು ಶಾಲೆಯ ಚೀಲದಲ್ಲೇ ಇಡಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬಂದಾಗ ಮಗುವನ್ನು ತೋರಿಸಿ. ಔಷಧದ ಬೆಲೆ ಹೊರೆಯಾದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಅರ್ಜಿದಾರರ ಗಮನಕ್ಕೆ: ಅಸ್ತಮಾದಿಂದ ಹಾಜರಾತಿ ಕಡಿಮೆಯಾಗಿದ್ದರೆ ಡಾಕ್ಟರ ಚೀಟಿಯ ಪ್ರತಿಯನ್ನು ಅರ್ಜಿಯ ಜೊತೆ ಲಗತ್ತಿಸಿ. ಆ ಕಾರಣಕ್ಕೆ ಯಾವ ಮಗುವಿನ ಅರ್ಜಿಯನ್ನೂ ನಾವು ಬದಿಗಿಡುವುದಿಲ್ಲ.