ಹಸ್ತಪ್ರತಿ ಯಾರ ಕೈಗೆ?

1

ಬರೆದು ಮುಗಿಸಿದ ಮರುದಿನ ಹೊಸ ಬರಹಗಾರರಿಗೆ ಎದುರಾಗುವ ಪ್ರಶ್ನೆ ಒಂದೇ: ಇದನ್ನು ಯಾರಿಗೆ ಕೊಡುವುದು? ಕಮ್ಮಟಗಳಲ್ಲಿ, ಕೊಣಾಜೆಯ ಹಾಸ್ಟೆಲ್ ಕೋಣೆಗಳಲ್ಲಿ, ಸಂಘಟನೆಯ ಸಭೆ ಮುಗಿದು ಚಾ ಕುಡಿಯುವ ಹೊತ್ತಿನಲ್ಲಿ ಇದು ಕೇಳಿಬರುತ್ತಲೇ ಇರುತ್ತದೆ. ನಮ್ಮ ವಿಮರ್ಶೆ ಮಾತ್ರ ಇದನ್ನು ತನ್ನ ಪ್ರಶ್ನೆಯೆಂದು ಎಣಿಸಿಲ್ಲ. ಪುಸ್ತಕ ಬಂದ ಮೇಲೆ ಅದು ಕಣ್ಣು ತೆರೆಯುತ್ತದೆ. ಪುಸ್ತಕವಾಗದೆ ಉಳಿದದ್ದರ ಬಗ್ಗೆ, ಪುಸ್ತಕವಾಗುವ ಮೊದಲು ಯಾರು ಏನನ್ನು ಕತ್ತರಿಸಿದರು ಎಂಬುದರ ಬಗ್ಗೆ ಅದಕ್ಕೆ ಮಾತಿಲ್ಲ. ದಲಿತ ವಿಮರ್ಶೆಗೆ ಈ ಮೌನ ಸಲ್ಲದು.

ಇಂಗ್ಲಿಷ್ ಪುಸ್ತಕಲೋಕದಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರ ಉಂಟು. ಅಲ್ಲಿ ಸಾಹಿತ್ಯ ಏಜೆಂಟ್ ಎಂಬ ಒಬ್ಬರು ಇರುತ್ತಾರೆ. ಹಸ್ತಪ್ರತಿ ಓದಿ, ಒಪ್ಪಿದರೆ ಪ್ರಕಾಶಕರ ಹತ್ತಿರ ಒಯ್ದು, ಕರಾರು ಮಾಡಿಸಿ, ಲೇಖಕರಿಗೆ ಬಂದ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ 15 ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ಯಾವ ಏಜೆಂಟ್ ಯಾವ ಬಗೆಯ ಪುಸ್ತಕ ಮಾರಿದ್ದಾರೆ ಎಂದು ನೋಡಿ ಲೇಖಕರು ಅರ್ಜಿ ಹಾಕುತ್ತಾರೆ. 1997ರಲ್ಲಿ ಬೆಂಗಳೂರಿನಲ್ಲೇ ಜಕರಂಡಾ ಎಂಬ ಏಜೆನ್ಸಿ ಹುಟ್ಟಿತು. ಆದರೆ ಅದರ ವ್ಯವಹಾರ ಇಂಗ್ಲಿಷಿನದು. ಕನ್ನಡದಲ್ಲಿ ಇಂಥ ವೃತ್ತಿ ಬೆಳೆಯಲಿಲ್ಲ. ನೂರಕ್ಕೆ 15 ತೆಗೆದುಕೊಂಡರೆ ಒಬ್ಬರ ಹೊಟ್ಟೆ ತುಂಬುವಷ್ಟು ಹಣ ಕನ್ನಡ ಪುಸ್ತಕದಲ್ಲಿ ಇಲ್ಲ.

ಹಾಗಾದರೆ ಇಲ್ಲಿ ಏಜೆಂಟರೇ ಇಲ್ಲವೇ? ಇದ್ದಾರೆ ಮಾರಾಯ್ರೆ, ಹೆಸರು ಬೇರೆ. ‘ನೋಡಿ, ಹುಡುಗ ಚೆನ್ನಾಗಿ ಬರೆದಿದ್ದಾನೆ’ ಎಂದು ಪ್ರಕಾಶಕರಿಗೆ ಫೋನು ಮಾಡುವ ಮೇಷ್ಟ್ರು ಏಜೆಂಟ್. ಮುನ್ನುಡಿ ಬರೆಯುವ ಹಿರಿಯರು ಏಜೆಂಟ್. ಪತ್ರಿಕೆಯ ಸಂಪಾದಕರು, ಸಂಘಟನೆಯ ಮುಖಂಡರು ಏಜೆಂಟ್. ಇವರು ಹಣದ ಪಾಲು ಕೇಳುವುದಿಲ್ಲ. ಕೆಲವರು ಬೇರೇನೋ ಕೇಳುತ್ತಾರೆ: ವಿಧೇಯತೆ, ಕೃತಜ್ಞತೆ, ಒಂದಷ್ಟು ಮೌನ. ಏಜೆಂಟರ ಕರಾರು ಕಾಗದದ ಮೇಲಿರುತ್ತದೆ, ಈ ಕರಾರು ಕಾಗದಕ್ಕೆ ಇಳಿಯುವುದಿಲ್ಲ. ಆದ್ದರಿಂದ ನಮ್ಮ ಹುಡುಗ ಹುಡುಗಿಯರು ಯಾರನ್ನು ಮೊದಲ ಓದುಗರನ್ನಾಗಿ ಆರಿಸಿಕೊಳ್ಳುತ್ತಾರೆ ಎಂಬುದು ಸಾಂಸ್ಕೃತಿಕ ರಾಜಕಾರಣದ ಪ್ರಶ್ನೆಯೇ ಆಗಿದೆ.

2

ಬಾಬಾಸಾಹೇಬರ ಉದಾಹರಣೆ ಎಲ್ಲರಿಗೂ ಗೊತ್ತಿದ್ದದ್ದೇ, ಆದರೆ ಅದನ್ನು ಪ್ರಕಟಣೆಯ ಕಥೆಯಾಗಿ ನಾವು ಓದುವುದು ಕಡಿಮೆ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆಯಿತು. ಭಾಷಣದ ಪ್ರತಿ ನೋಡಿದ ಮೇಲೆ ಕೆಲವು ಭಾಗ ತೆಗೆಯಿರಿ ಎಂದಿತು. ಅವರು ಒಪ್ಪಲಿಲ್ಲ, ಸಮ್ಮೇಳನವೇ ನಿಂತಿತು. ತಮ್ಮದೇ ಖರ್ಚಿನಲ್ಲಿ ಅಚ್ಚು ಹಾಕಿಸಿದ 1500 ಪ್ರತಿ ಎರಡು ತಿಂಗಳಲ್ಲಿ ಮುಗಿದವು. ಜಾತಿ ಒಡೆಯುವುದೇ ಗುರಿಯೆಂದು ಹೇಳಿಕೊಂಡಿದ್ದ ಸಂಸ್ಥೆಯೇ ಕತ್ತರಿ ಹಿಡಿದು ನಿಂತಿತ್ತು ಎಂಬುದನ್ನು ಗಮನಿಸಬೇಕು. ಪ್ರಗತಿಪರ ಎಂಬ ಬೋರ್ಡು ನೋಡಿದ ಮಾತ್ರಕ್ಕೆ ಹಸ್ತಪ್ರತಿ ಕೊಟ್ಟುಬಿಡಲಾಗದು. ಕತ್ತರಿ ಎಲ್ಲಿ ಆಡುತ್ತದೆ ಎಂದು ನೋಡಬೇಕು.

ಕನ್ನಡದ ದಲಿತ ಸಾಹಿತ್ಯವೂ ದೊಡ್ಡ ಪ್ರಕಾಶನಗಳ ಮುಂಬಾಗಿಲಲ್ಲಿ ಕಾದು ನಿಂತು ಬಂದದ್ದಲ್ಲ. 1973ರಲ್ಲಿ ಬಸವಲಿಂಗಪ್ಪನವರ ‘ಬೂಸಾ’ ಮಾತು ಕ್ಯಾಂಪಸ್ಸುಗಳನ್ನು ಇಬ್ಭಾಗ ಮಾಡಿತು. ದೇವನೂರ ಮಹಾದೇವರ ‘ದ್ಯಾವನೂರು’ ಅದೇ ವರ್ಷದ್ದು. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಆ ಹಾಡುಗಳು ಪುಸ್ತಕದಂಗಡಿಗಿಂತ ಹೆಚ್ಚಾಗಿ ಮೆರವಣಿಗೆಗಳಲ್ಲಿ, ಕೇರಿಗಳಲ್ಲಿ ತಮ್ಮ ಜನರನ್ನು ಮುಟ್ಟಿದವು. ‘ಪಂಚಮ’, ‘ಶೂದ್ರ’ದಂಥ ಸಣ್ಣ ಪತ್ರಿಕೆಗಳು, 1980ರ ನಂತರ ‘ಲಂಕೇಶ್ ಪತ್ರಿಕೆ’ ಅದಕ್ಕೆ ಜಾಗ ಮಾಡಿಕೊಟ್ಟವು. ಮರಾಠಿಯಲ್ಲೂ ಹೀಗೆಯೇ: ಗಂಗಾಧರ ಪಾನತಾವಣೆಯವರ ‘ಅಸ್ಮಿತಾದರ್ಶ’ ಒಂದು ತಲೆಮಾರನ್ನು ಬೆಳೆಸಿತು. ದಯಾ ಪವಾರರ ‘ಬಲುತ’ವನ್ನು 1978ರಲ್ಲಿ ತಂದದ್ದು ಓದುಗರ ಚಳುವಳಿಯಾಗಿ ಹುಟ್ಟಿದ ಗ್ರಂಥಾಲಿ. ಮೊದಲು ಪತ್ರಿಕೆ, ಆಮೇಲೆ ಪುಸ್ತಕ ಎಂಬ ಈ ದಾರಿ ಇವತ್ತಿಗೂ ಸವೆದಿಲ್ಲ. ಬಾನು ಮುಷ್ತಾಕರ ಕಥೆಗಳು ‘ಹಾರ್ಟ್ ಲ್ಯಾಂಪ್’ ಆಗಿ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದವು. ದೀಪಾ ಭಸ್ತಿಯವರ ಆ ಅನುವಾದವನ್ನು ಹೊರತಂದದ್ದೂ ಇಂಗ್ಲೆಂಡಿನ ಒಂದು ಸಣ್ಣ ಪ್ರಕಾಶನವೇ.

3

ಮಂಗಳೂರಿನ ವಿಷಯಕ್ಕೆ ಬರೋಣ. ಅಚ್ಚಿನ ಇತಿಹಾಸದಲ್ಲಿ ಈ ಊರಿನದು ಮೊದಲ ಸಾಲು. ಬಾಸೆಲ್ ಮಿಶನ್ ಪ್ರೆಸ್ 1841ರಲ್ಲಿ ಇಲ್ಲಿ ಶುರುವಾಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಇಲ್ಲಿಂದ ಹೊರಟಿತು. 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದದ್ದೂ ಇಲ್ಲೇ. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ‘ಮುಂಗಾರು’ ದಿನಪತ್ರಿಕೆ ಕಟ್ಟಿದಾಗ ಹಿಂದುಳಿದ, ದಲಿತ ಹುಡುಗರಿಗೆ ಪತ್ರಿಕೆಯೊಳಗೆ ಕೂತು ಬರೆಯುವ ಬಾಗಿಲು ಸ್ವಲ್ಪ ತೆರೆಯಿತು. ಆ ಪತ್ರಿಕೆ ಬಹುಕಾಲ ಬಾಳಲಿಲ್ಲ.

ಇಷ್ಟು ಹಳೆಯ ಅಚ್ಚಿನ ಊರಿನಲ್ಲಿ ದಲಿತರು ಪುಸ್ತಕದೊಳಗೆ ಬಂದದ್ದು ಹೇಗೆ? ಹೆಚ್ಚಾಗಿ ‘ಮಾಹಿತಿದಾರ’ರಾಗಿ. ಪಾಡ್ದನ ಹೇಳಿದವರು ನಲಿಕೆಯವರು, ಪರವರು, ಪಂಬದರು, ಗದ್ದೆಯಲ್ಲಿ ನೇಜಿ ನೆಟ್ಟ ಹೆಂಗಸರು. ಮುಖಪುಟದಲ್ಲಿರುವ ಹೆಸರು ಸಂಗ್ರಾಹಕರದ್ದು. ಹೇಳಿದವರ ಹೆಸರು ಕೊನೆಯ ಪುಟದ ಅನುಬಂಧದಲ್ಲಿ, ವಯಸ್ಸು, ಊರು, ಜಾತಿ ಸಮೇತ. ಸಂಗ್ರಹ ಮಾಡಿದವರ ಶ್ರಮವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಈ ರೂಢಿಯಿಂದ ಒಂದು ಅಪಾಯ ಹುಟ್ಟಿದೆ. ತುಳುನಾಡಿನ ದಲಿತ ಹುಡುಗಿಯೊಬ್ಬಳು ತನ್ನ ಅಜ್ಜಿಯ ಕಥೆಯನ್ನು ಕಾದಂಬರಿಯಾಗಿ ಬರೆದುಕೊಟ್ಟರೂ ಓದುವವರ ಕಣ್ಣಿಗೆ ಅದು ಜಾನಪದ ಸಾಮಗ್ರಿಯಾಗಿ ಕಾಣುತ್ತದೆ. ಅಜಲು ಪದ್ಧತಿಯನ್ನೇ ತೆಗೆದುಕೊಳ್ಳಿ. ಕೊರಗರನ್ನು ಮನುಷ್ಯರಂತೆ ನಡೆಸಿಕೊಳ್ಳದ ಆ ಪದ್ಧತಿಯನ್ನು ಕರ್ನಾಟಕ ಸರಕಾರ 2000ದ ಕಾಯಿದೆಯಿಂದ ನಿಷೇಧಿಸಿತು. ಅದರ ಬಗ್ಗೆ ಬರೆದ ಹಸ್ತಪ್ರತಿಗೆ ‘ಒಂದು ಪ್ರಾಚೀನ ಆಚರಣೆ’ ಎಂದು ಅಡಿಟಿಪ್ಪಣಿ ಹಾಕುವವರ ಕೈಗೆ ಅದು ಹೋದರೆ, ಅವಮಾನ ಅಳಿದು ಆಚರಣೆ ಮಾತ್ರ ಉಳಿಯುತ್ತದೆ. ಹಸ್ತಪ್ರತಿ ಯಾರ ಕೈಗೆ ಎನ್ನುವುದರ ಗಂಭೀರತೆ ಇಲ್ಲಿದೆ.

ಬೇರೆ ದಾರಿ ತೋರಿಸಿದವರೂ ಈ ಊರಲ್ಲಿದ್ದರು. ಸಾರಾ ಅಬೂಬಕ್ಕರ್ ದಲಿತರಲ್ಲ, ಆದರೆ ಅಂಚಿನಿಂದ ಬಂದವರ ಪ್ರಕಟಣೆಯ ಕಷ್ಟ ಅವರಿಗೂ ಗೊತ್ತಿತ್ತು. ‘ಚಂದ್ರಗಿರಿಯ ತೀರದಲ್ಲಿ’ ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. 1994ರಲ್ಲಿ ಅವರು ಮಂಗಳೂರಿನಲ್ಲಿ ತಮ್ಮದೇ ‘ಚಂದ್ರಗಿರಿ ಪ್ರಕಾಶನ’ ತೆರೆದರು. ಅದೇ ವರ್ಷ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಪ್ರಕಟವಾಗಿ, ದಲಿತ ಆತ್ಮಕಥನಕ್ಕೂ ಕನ್ನಡದಲ್ಲಿ ಓದುಗರಿದ್ದಾರೆ ಎಂಬುದನ್ನು ತೋರಿಸಿಕೊಟ್ಟಿತು.

4

ಈಗ ಆಯ್ಕೆ ಮಾಡುವುದು ಹೇಗೆ ಎಂಬ ಪ್ರಶ್ನೆ.

ಮೊದಲನೆಯದಾಗಿ, ನಿಮ್ಮ ಪುಸ್ತಕಕ್ಕೆ ಹತ್ತಿರದ ಐದಾರು ಪುಸ್ತಕ ಕೈಗೆ ತೆಗೆದುಕೊಳ್ಳಿ. ಯಾರು ಪ್ರಕಟಿಸಿದರು, ಮುನ್ನುಡಿ ಯಾರದು, ಅರ್ಪಣೆ ಯಾರಿಗೆ, ಎರಡನೆಯ ಮುದ್ರಣ ಆಯಿತೇ ಎಂದು ನೋಡಿ. ಪುಸ್ತಕದ ಮೊದಲ ನಾಲ್ಕು ಪುಟಗಳಲ್ಲಿ ಅದರ ಜಾತಕವೇ ಇರುತ್ತದೆ. ಆ ಪ್ರಕಾಶನದ ಪಟ್ಟಿ ತರಿಸಿ ಓದಿ. ಪಟ್ಟಿಯಲ್ಲಿ ದಲಿತ ಲೇಖಕರು ಎಷ್ಟು, ಅವರ ಎರಡನೆಯ ಪುಸ್ತಕವೂ ಅಲ್ಲೇ ಬಂದಿದೆಯೇ? ಒಂದೇ ಪುಸ್ತಕ ತಂದು ಕೈಬಿಟ್ಟಿದ್ದರೆ ಅದು ಪ್ರದರ್ಶನಕ್ಕೆ ಇಟ್ಟ ದಲಿತ ಎಂದು ತಿಳಿಯಬೇಕು.

ಎರಡನೆಯದು ಭಾಷೆ. ‘ಕುಸುಮಬಾಲೆ’ 1988ರಲ್ಲಿ ಬಂದಾಗ ಅದರ ನಂಜನಗೂಡು ಸೀಮೆಯ ಆಡುಮಾತು ಅರ್ಥವಾಗುವುದಿಲ್ಲ ಎಂದವರಿದ್ದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಮ ಕನ್ನಡದಲ್ಲಿ ತುಳು ಬೆರೆತಿದ್ದರೆ ಇಡೀ ಹಸ್ತಪ್ರತಿ ಕೊಡುವ ಮುಂಚೆ ಒಂದು ಅಧ್ಯಾಯ ಕೊಟ್ಟು ನೋಡಿ. ಕಾಗುಣಿತ ತಿದ್ದಿದರೆ, ಕಥೆ ಎಳೆದಾಡಿದ ಕಡೆ ಗುರುತು ಹಾಕಿದರೆ ಅವರು ಒಳ್ಳೆಯ ಸಂಪಾದಕರು. ‘ಎಂತದು’ ಎಂದಿದ್ದಲ್ಲೆಲ್ಲ ‘ಏನು’ ಎಂದು ತಿದ್ದಿದರೆ, ಬೈಗುಳ ತೆಗೆದು ಚುಕ್ಕಿ ಇಟ್ಟರೆ, ಜಾತಿಯ ಹೆಸರಿದ್ದಲ್ಲಿ ‘ಕೆಲವರು’ ಎಂದು ಬರೆದರೆ ಹಸ್ತಪ್ರತಿ ವಾಪಸು ತನ್ನಿ.

ಮೂರನೆಯದು ಹಣ. ಹಣ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ? ಲೇಖಕರಿಂದ ದುಡ್ಡು ಪಡೆದು ಅಚ್ಚು ಹಾಕುವವರು ಮುದ್ರಕರು, ಅವರನ್ನು ಹಾಗೆಯೇ ಕರೆಯಬೇಕು. ಸ್ವಂತ ಖರ್ಚಿನಲ್ಲಿ ಪ್ರಕಟಿಸುವುದು ನಾಚಿಕೆಯ ಕೆಲಸವಲ್ಲ, ಅಂಬೇಡ್ಕರರೇ ಮಾಡಿದ್ದಾರೆ. ಆದರೆ ಆಗ ಪ್ರತಿಗಳೂ ಹಕ್ಕೂ ನಿಮ್ಮದಾಗಿರಬೇಕು. ಪ್ರಕಾಶಕರು ಖರ್ಚು ಹಾಕಿದರೆ ಗೌರವಧನ ಎಷ್ಟು ಎಂದು ಮೊದಲೇ ಕೇಳಿ. ಮುಖಬೆಲೆಯ ನೂರಕ್ಕೆ 10 ಎಂಬುದು ರೂಢಿಯ ಮಾತು. 150 ರೂಪಾಯಿಯ ಪುಸ್ತಕ 500 ಪ್ರತಿ ಹೋದರೆ 7,500 ರೂಪಾಯಿ ಆಯಿತು. ದೊಡ್ಡ ಹಣವಲ್ಲ, ಆದರೆ ಕೂಲಿ ಕೇಳಲು ಕಲಿತ ಜನ ಬರವಣಿಗೆಯ ಕೂಲಿ ಕೇಳಲು ಹಿಂಜರಿಯಬಾರದು. ಗ್ರಂಥಾಲಯ ಇಲಾಖೆ ಆಯ್ದ ಪುಸ್ತಕಗಳನ್ನು ಸಾಮಾನ್ಯವಾಗಿ 300 ಪ್ರತಿಯಂತೆ ಕೊಳ್ಳುವುದು ಅನೇಕ ಪ್ರಕಾಶಕರ ಆಧಾರ. ಆ ಮಾರಾಟದಲ್ಲಿ ನಿಮ್ಮ ಪಾಲು ಉಂಟೋ ಇಲ್ಲವೋ ಕೇಳಿ. 1993ರಲ್ಲಿ ಶುರುವಾದ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಕರೆಯುವ ಪ್ರಕಟಣೆಯ ಮೇಲೆ ಕಣ್ಣಿರಲಿ.

ನಾಲ್ಕನೆಯದು ಕಾಗದ. ‘ನಮ್ಮವರೇ ಅಲ್ವಾ, ಕಾಗದ ಎಂತಕ್ಕೆ?’ ಎಂಬ ಮಾತಿಗೆ ಮರುಳಾಗಬೇಡಿ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರ ಸಹಿಯಿರುವ ಬರಹವಿಲ್ಲದೆ ಹಕ್ಕು ಇನ್ನೊಬ್ಬರಿಗೆ ಹೋಗುವುದಿಲ್ಲ. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಅದು ಐದು ವರ್ಷಕ್ಕೆ ಸೀಮಿತ. ಕರಾರು ಬೇರೆ ಹೇಳದಿದ್ದರೆ, ಪಡೆದವರು ಒಂದು ವರ್ಷದೊಳಗೆ ಬಳಸದ ಹಕ್ಕು ನಿಮಗೇ ಮರಳುತ್ತದೆ. ಹಕ್ಕು ಕೊಟ್ಟ ಮೇಲೂ, ನಿಮ್ಮ ಹೆಸರಿಗೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ ಪ್ರಶ್ನಿಸುವ ಅಧಿಕಾರ ನಿಮ್ಮಲ್ಲೇ ಉಳಿಯುತ್ತದೆ. ಅನುವಾದ, ನಾಟಕ, ಸಿನಿಮಾ ಹಕ್ಕುಗಳನ್ನು ಕನ್ನಡ ಪ್ರಕಾಶಕರಿಗೆ ಬರೆದುಕೊಡುವ ಅಗತ್ಯವಿಲ್ಲ. ‘ಕುಸುಮಬಾಲೆ’ ಇಂಗ್ಲಿಷಿಗೆ ಬಂದದ್ದು 2015ರಲ್ಲಿ, 27 ವರ್ಷಗಳ ನಂತರ. ಇಂಥ ದಿನಕ್ಕಾಗಿ ಹಕ್ಕು ನಿಮ್ಮ ಪೆಟ್ಟಿಗೆಯಲ್ಲಿರಬೇಕು.

ಐದನೆಯದು, ಒಬ್ಬರನ್ನೇ ನಂಬಿ ಕೂರಬೇಡಿ. ಮೂರು ನಾಲ್ಕು ಹೆಸರು ಆರಿಸಿಕೊಂಡು ಒಂದು ಪುಟದ ಪತ್ರ ಬರೆಯಿರಿ: ಪುಸ್ತಕ ಯಾವುದರ ಬಗ್ಗೆ, ಎಷ್ಟು ಪುಟ, ಎಲ್ಲಿ ಭಾಗಗಳು ಪ್ರಕಟವಾಗಿವೆ, ನಿಮ್ಮ ಪಟ್ಟಿಯ ಯಾವ ಪುಸ್ತಕ ಓದಿ ನಿಮಗೆ ಕಳಿಸುತ್ತಿದ್ದೇನೆ. ಬೇರೆಯವರಿಗೂ ಕಳಿಸಿದ್ದರೆ ಅದನ್ನೂ ತಿಳಿಸಿ. ಪ್ರತಿ ಇಟ್ಟುಕೊಳ್ಳಿ. ಮೂರು ತಿಂಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ ಹೆಸರಿಗೆ ಹೋಗಿ.

5

ಕೊನೆಗೆ ಉಳಿಯುವ ಪ್ರಶ್ನೆ: ನಮ್ಮವರಿಗೇ ಕೊಡಬೇಕೇ? ಕೊಟ್ಟರೆ ಒಳ್ಳೆಯದು, ನಮ್ಮ ಪ್ರಕಾಶನಗಳು ಬೆಳೆಯಬೇಕು. ಆದರೆ ಜಾತಿ ಒಂದೇ ಆದ ಮಾತ್ರಕ್ಕೆ ಓದು ಒಂದೇ ಆಗುವುದಿಲ್ಲ. ಹೆಣ್ಣುಮಕ್ಕಳು ಮನೆಯೊಳಗಿನ ಹೊಡೆತದ ಬಗ್ಗೆ ಬರೆದಾಗ ‘ಇದು ಚಳುವಳಿಗೆ ಹಾನಿ’ ಎನ್ನುವ ಕತ್ತರಿ ನಮ್ಮ ಅಂಗಳದಲ್ಲೂ ಇದೆ. ಅದನ್ನು ಮುಚ್ಚಿಟ್ಟು ದಲಿತ ವಿಮರ್ಶೆ ಮಾತಾಡಲಾಗದು. ಅತ್ತ ದೊಡ್ಡ ಪ್ರಕಾಶನವೆಂದರೆ ದೂರ ಸರಿಯಬೇಕೆಂದೂ ಇಲ್ಲ. ಪುಸ್ತಕ ದೂರದ ಊರುಗಳ ಅಂಗಡಿ ತಲುಪುವುದು ಅವರಿಂದಲೇ.

ದೇವನೂರ ಮಹಾದೇವರು 2022ರಲ್ಲಿ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ವನ್ನು ಯಾವ ಒಬ್ಬ ಪ್ರಕಾಶಕರ ಸೊತ್ತನ್ನಾಗಿಯೂ ಮಾಡಲಿಲ್ಲ. ಹಲವು ಸಣ್ಣ ಪ್ರಕಾಶನಗಳು ಏಕಕಾಲಕ್ಕೆ ಅಚ್ಚು ಹಾಕಿದವು, ಬೆಲೆ 40 ರೂಪಾಯಿ. ಅಷ್ಟು ಹೆಸರಿದ್ದವರಿಗೆ ಮಾತ್ರ ಸಾಧ್ಯವಾಗುವ ದಾರಿ ಅದು ಎನ್ನಬಹುದು, ನಿಜ. ಆದರೆ ಅದರಲ್ಲಿರುವ ಪಾಠ ಮೊದಲ ಪುಸ್ತಕದವರಿಗೂ ಸಲ್ಲುತ್ತದೆ: ಯಾರು ಪ್ರಕಟಿಸಬೇಕು, ಯಾವ ಬೆಲೆಗೆ, ಯಾರನ್ನು ತಲುಪಬೇಕು ಎಂದು ನಿರ್ಧರಿಸುವುದೂ ಬರಹಗಾರರ ಕೆಲಸದ ಭಾಗ. ಕೇರಿಯ ಮಕ್ಕಳು ಹಸ್ತಪ್ರತಿ ಹಿಡಿದು ಬಾಗಿಲು ತಟ್ಟುವಾಗ, ಒಳಗಿರುವವರು ಅವರನ್ನು ಪರೀಕ್ಷಿಸುವಷ್ಟೇ ಅವರೂ ಒಳಗಿರುವವರನ್ನು ಪರೀಕ್ಷಿಸಲಿ.