ಹಾಜರಿ ಪುಸ್ತಕದಲ್ಲಿರುವ ಪೇಟೆ

ಪ್ರಥಮ ಪಿಯುಸಿ ವಾಣಿಜ್ಯ ವಿಭಾಗದ ಹಾಜರಿ ಪುಸ್ತಕ ತೆರೆದರೆ ನನಗೆ ಅದು ಹಳೆಯ ಪೇಟೆಯ ಬೀದಿಯಂತೆ ಕಾಣುತ್ತದೆ. ಅತ್ತಾರ, ಬಾಗವಾನ, ತಾಂಬೋಳಿ, ಮಣಿಯಾರ, ಮೋಮಿನ್, ನದಾಫ, ಶಿಕಲಗಾರ, ರಂಗರೇಜ. ಇವರ ಮಧ್ಯದಲ್ಲೇ ಪತ್ತಾರ, ಬಡಿಗೇರ, ಗಾಣಿಗೇರ, ಹೂಗಾರ. ನಮ್ಮ ಭಾಗದ ಅಡ್ಡಹೆಸರುಗಳಲ್ಲಿ ಬಹಳಷ್ಟು ಒಂದು ಕಾಲದ ಅಂಗಡಿಯ ಬೋರ್ಡುಗಳೇ. ಅತ್ತಾರರು ಸುಗಂಧ ಮಾರಿದವರು, ಬಾಗವಾನರು ಹಣ್ಣು, ತಾಂಬೋಳಿಗಳು ಎಲೆ, ಮಣಿಯಾರರು ಬಳೆ. ಮೋಮಿನರು ನೇಯ್ದರು, ರಂಗರೇಜರು ನೂಲಿಗೆ, ಬಟ್ಟೆಗೆ ಬಣ್ಣ ಹಾಕಿದರು, ಶಿಕಲಗಾರರು ಚಾಕು ಕತ್ತರಿ ಮಸೆದರು. ನದಾಫರು, ಅಂದರೆ ಪಿಂಜಾರರು, ಅರಳೆ ಹಿಂಜಿ ಗಾದಿ ಹೊಲಿದರು. ಈ ಕೊನೆಯ ಸಾಲಿನವನು ನಾನು.

ನನ್ನ ಅಜ್ಜ ಹೆಗಲ ಮೇಲೆ ಹಿಂಜುವ ಬಿಲ್ಲು ಹೊತ್ತು ಮನೆ ಮನೆಗೆ ಹೋಗುತ್ತಿದ್ದರು. ಹಳೆಯ ಗಾದಿ ಬಿಚ್ಚಿ, ಗಂಟು ಕಟ್ಟಿದ ಹತ್ತಿಯನ್ನು ಅಂಗಳದಲ್ಲೇ ಹಿಂಜಿ, ಸಂಜೆಯೊಳಗೆ ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ತಂದೆಯವರ ಕಾಲಕ್ಕೆ ಮೋಟಾರಿನ ಯಂತ್ರ ಬಂತು, ಬನಹಟ್ಟಿಯಲ್ಲಿ ಒಂದು ಖೋಲಿ ಹಿಡಿದು 'ಗಾದಿ ಕಾರ್ಖಾನೆ' ಎಂದು ಬೋರ್ಡು ಬರೆಸಿದರು. ಈಗ ಮದುವೆಗೆ ಕೊಡುವ ಗಾದಿ ಫೋಮಿನದು. ಅದು ಸುತ್ತಿಕೊಂಡು ಪೆಟ್ಟಿಗೆಯಲ್ಲಿ ಬರುತ್ತದೆ, ಹಾಳಾದರೆ ಎಸೆಯುತ್ತಾರೆ. ಹತ್ತಿ ಗಾದಿಯ ವ್ಯಾಪಾರ ನಿಂತಿದ್ದೇ ಮೂರು ವರ್ಷಕ್ಕೊಮ್ಮೆ ಹಿಂಜಿಸಲು ಬರುವ ಗಿರಾಕಿಯ ಮೇಲೆ. ಹೊಸ ವಸ್ತು ಬಂದಾಗ ಮಾರಾಟಕ್ಕಿಂತ ಮೊದಲು ಸಾಯುವುದು ದುರಸ್ತಿ ಎಂಬುದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಆದರೆ ಎಲ್ಲ ಹಳೆಯ ಕಸುಬೂ ಹೋಗಿಲ್ಲ. ಜಮಖಂಡಿಯ ಹಣ್ಣಿನ ಗಾಡಿಗಳ ಮುಂದೆ ಹತ್ತು ನಿಮಿಷ ನಿಲ್ಲಿ. ಬಾಗವಾನರು ಅಲ್ಲೇ ಇದ್ದಾರೆ. ದ್ರಾಕ್ಷಿ, ದಾಳಿಂಬೆ ಒತ್ತಿ ನೋಡಿ ತೆಗೆದುಕೊಳ್ಳುವ ಮಾಲು, ನಾಳೆಗೆ ಕೆಡುವ ಮಾಲು. ಟೇಲರ್ ಕೂಡ ಉಳಿದಿದ್ದಾನೆ, ಅರ್ಧ ಮಾತ್ರ. ಪ್ಯಾಂಟು ಶರ್ಟು ರೆಡಿಮೇಡಿನ ಪಾಲಾಯಿತು. ಜಂಪರು ಅಳತೆ ಕೊಡದೆ ಆಗುವುದಿಲ್ಲ. ರಂಜಾನಿನ ಕೊನೆಯ ವಾರ, ದೀಪಾವಳಿಯ ಹಿಂದಿನ ವಾರ ಅವನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಇನ್ನು ಮಗ್ಗದ ವಿಚಾರ. ರಬಕವಿ-ಬನಹಟ್ಟಿಯಲ್ಲಿ ಅಂಗಡಿಗಳ ಕಥೆ ಮಗ್ಗದ ಕಥೆಯಿಂದ ಬೇರೆಯಲ್ಲ. ಬಟವಾಡೆಯ ದಿನ ನೇಕಾರನ ಕೈಗೆ ಕೂಲಿ ಬಂದರೆ ಅದೇ ಸಂಜೆ ಕಿರಾಣಿ, ಭಜಿ ಅಂಗಡಿ, ಚಪ್ಪಲಿ ಅಂಗಡಿ ಎಲ್ಲಕ್ಕೂ ಜೀವ. ಲಾಳಿ ನಿಂತರೆ ಪೇಟೆ ನಿಲ್ಲುತ್ತದೆ. ಲಾಳಿಯ ದಾರಿ ಹೇಗೆ ಬದಲಾಯಿತು ನೋಡಿ. ಕುಣಿಮಗ್ಗದಲ್ಲಿ ಒಬ್ಬರಿಗೆ ಒಂದು ಮಗ್ಗ. ಮನೆಯವರು ಕಂಡಿಕೆ ಸುತ್ತುತ್ತಿದ್ದರು. ವಿದ್ಯುತ್ ಮಗ್ಗ ಬಂದ ಮೇಲೆ ಒಬ್ಬರೇ ಎರಡು, ನಾಲ್ಕು ಮಗ್ಗ ನೋಡಿಕೊಳ್ಳುವಂತಾಯಿತು. ಕೈಮಗ್ಗವನ್ನು ಉಳಿಸಲೆಂದು 1985ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ತಂದು ಕೆಲವು ಬಗೆಯ ಸೀರೆ, ಧೋತರ, ಟವೆಲ್, ಲುಂಗಿ ಮುಂತಾದವುಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ಅದಕ್ಕೂ ಹತ್ತು ವರ್ಷ ಮೊದಲು, 1975ರಲ್ಲಿ, ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಆರಂಭವಾಗಿತ್ತು. ನಿಗಮ ನೂಲು ಕೊಟ್ಟು, ನೇಯ್ದದ್ದನ್ನು ಪಡೆದು ಕೂಲಿ ಕೊಡುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ವಿದ್ಯಾವಿಕಾಸ ಯೋಜನೆಯಲ್ಲಿ ನಿಮಗೆ ಸಿಕ್ಕ ಸಮವಸ್ತ್ರದ ಬಟ್ಟೆ ನಮ್ಮ ರಾಜ್ಯದ ಯಾವುದೋ ನೇಕಾರರ ಮನೆಯಲ್ಲೇ ಹುಟ್ಟಿದ್ದಿರಬಹುದು.

ವಿದ್ಯುತ್ ಮಗ್ಗಕ್ಕೆ ಎದುರಾಳಿ ಸೂರತ್. ಅಲ್ಲಿನ ಸಿಂಥೆಟಿಕ್ ಸೀರೆ ಹಗುರ, ಬಣ್ಣ ಹೋಗುವುದಿಲ್ಲ, ಇಸ್ತ್ರಿ ಬೇಡ, ಬೆಲೆಯೂ ಕಡಿಮೆ. ಮೊದಲು ಅದು ಬಟ್ಟೆ ಅಂಗಡಿಗೆ ಬರುತ್ತಿತ್ತು. ಈಗ ಮೀಶೋದಂಥ ಆ್ಯಪ್‌ಗಳ ಮೂಲಕ ನೇರ ಮನೆಗೇ ಬರುತ್ತಿದೆ. ಅಂದರೆ ಮೊದಲು ನೇಕಾರನಿಗೆ ಪೆಟ್ಟಾದರೂ ಅಂಗಡಿಯವನಿಗೆ ಲಾಭವಿತ್ತು, ಈಗ ಇಬ್ಬರಿಗೂ ಇಲ್ಲ. ಇದರ ನಡುವೆ 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಬಟವಾಡೆ ಪೂರ್ತಿ ನಗದಿನಲ್ಲಿ ನಡೆಯುತ್ತಿದ್ದ ಊರಿಗೆ ಅದು ಎಂಥ ಏಟು ಎಂದು ಹಿರಿಯರನ್ನು ಕೇಳಿ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದು ಬಟ್ಟೆಗೆ ಶೇ. 5 ತೆರಿಗೆ ಬಿತ್ತು. ಕೈಬರಹದ ಚೀಟಿಯಲ್ಲಿ ವ್ಯವಹಾರ ಮಾಡುತ್ತಿದ್ದ ಸಣ್ಣ ಮಾಲೀಕರು ಲೆಕ್ಕಪರಿಶೋಧಕರ ಮೆಟ್ಟಿಲು ಹತ್ತಬೇಕಾಯಿತು. (ನಮ್ಮ ವಿಭಾಗದ ಹಳೆಯ ವಿದ್ಯಾರ್ಥಿಗಳು ಕೆಲವರಿಗೆ ಅದರಿಂದಲೇ ಕೆಲಸ ಸಿಕ್ಕಿತು ಎಂಬುದನ್ನೂ ಹೇಳಬೇಕು.) ಆಮೇಲೆ 2020ರ ಲಾಕ್‌ಡೌನ್.

ಮುಧೋಳದ ಕಡೆ ಕಬ್ಬು ಇದೇ ಕೆಲಸ ಮಾಡುತ್ತದೆ, ಬೇರೆ ಲಯದಲ್ಲಿ. ನೇಕಾರನ ದುಡ್ಡು ವಾರಕ್ಕೊಮ್ಮೆ ಬಂದರೆ ರೈತನ ದುಡ್ಡು ವರ್ಷಕ್ಕೊಮ್ಮೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪಡೆದ 14 ದಿನಗಳಲ್ಲಿ ಕಾರ್ಖಾನೆ ಬಿಲ್ಲು ಪಾವತಿಸಬೇಕು. ಬಿಲ್ಲು ತಡವಾದ ವರ್ಷ ಗೊಬ್ಬರದ ಅಂಗಡಿ, ಬಂಗಾರದ ಅಂಗಡಿ, ಬೈಕ್ ಶೋರೂಮ್ ಎಲ್ಲ ಖಾಲಿ ಹೊಡೆಯುತ್ತವೆ. ಬೀಳಗಿಯದು ಇನ್ನೊಂದು ಚಿಂತೆ. ಆಲಮಟ್ಟಿ ಜಲಾಶಯದಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ, 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ನದಿದಂಡೆಯ ಹಳ್ಳಿ ಮುಳುಗಿದರೆ ಅಂಗಡಿಯವನ ಕಟ್ಟಡ ಉಳಿದರೂ ಗಿರಾಕಿಗಳು ಬೇರೆ ಕಡೆ ಹೋಗಿರುತ್ತಾರೆ. ಅಂಥ ಕಡೆ ಯಾರು ಹೊಸದಾಗಿ ಬಂಡವಾಳ ಹಾಕುತ್ತಾರೆ?

ಈಗ ನಾನು ಮುಖ್ಯ ಎಂದುಕೊಂಡಿರುವ ಸಂಗತಿಗೆ ಬರುತ್ತೇನೆ: ಉದ್ರಿ. ಓಣಿಯ ಕಿರಾಣಿ ಅಂಗಡಿ ಬೇಳೆ ಮಾರುವ ಜಾಗ ಮಾತ್ರವಲ್ಲ, ಅದು ಬಡ್ಡಿ ಇಲ್ಲದ ಬ್ಯಾಂಕು. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ. ಒಂದು ಅಂಗಡಿಯಲ್ಲಿ 40 ಮನೆಗಳು ತಿಂಗಳಿಗೆ 1,500 ರೂಪಾಯಿಯ ಸಾಮಾನನ್ನು ಉದ್ರಿ ಒಯ್ಯುತ್ತವೆ. ಒಟ್ಟು 60,000 ರೂಪಾಯಿ. ಹೋಲ್‌ಸೇಲ್ ಸಾಹುಕಾರ ಅಂಗಡಿಯವನಿಗೆ ಕೊಡುವುದು 15 ದಿನದ ಗಡುವು. ಉಳಿದ 15 ದಿನ ಹಣವನ್ನು ಅವನು ನಗದು ಗಿರಾಕಿಗಳ ವ್ಯಾಪಾರದಿಂದ ತೂಗಿಸುತ್ತಾನೆ. ಪಠ್ಯದಲ್ಲಿ ನಾವು ದುಡಿಯುವ ಬಂಡವಾಳ ಎನ್ನುವುದು ಇದನ್ನೇ. ಈಗ ನಗದು ಇರುವ ಗಿರಾಕಿ ಜಮಖಂಡಿಯ ದೊಡ್ಡ ಮಾರ್ಟಿಗೆ ಹೋದ, ಅಥವಾ ಮೊಬೈಲಿನಲ್ಲಿ ತರಿಸಿಕೊಂಡ. ಅಂಗಡಿಗೆ ಉಳಿದವರು ಯಾರು? ಉದ್ರಿಯವರು. ವ್ಯಾಪಾರ ಸ್ವಲ್ಪವೇ ಕಡಿಮೆಯಾದಂತೆ ಕಂಡರೂ ಅಂಗಡಿ ಒಳಗಿನಿಂದ ಟೊಳ್ಳಾಗುತ್ತದೆ. ಎರಡು ಬಟವಾಡೆ ತಪ್ಪಿದರೆ ಶಟರ್ ಕೆಳಗೆ. ಆ ಶಟರ್ ಬಿದ್ದ ದಿನ ತೊಂದರೆಯಾಗುವುದು ಮಾರ್ಟಿಗೆ ಹೋದವರಿಗಲ್ಲ, ಆ 40 ಮನೆಗಳಿಗೆ. ಮಾರ್ಟಿನಲ್ಲಿ ಖಾತೆ ಪುಸ್ತಕ ಇರುವುದಿಲ್ಲ.

ಹೀಗೆಂದು ಹೊಸದನ್ನೆಲ್ಲ ಬಯ್ಯಲು ನಾನು ತಯಾರಿಲ್ಲ. 2016ರಲ್ಲಿ ಬಂದ ಯುಪಿಐಯನ್ನು ನಮ್ಮ ಸಣ್ಣ ವ್ಯಾಪಾರಿಗಳು ಎಷ್ಟು ಬೇಗ ಕಲಿತರು! ಕೊತ್ತಂಬರಿ ಮಾರುವ ಅಜ್ಜಿಯ ಬುಟ್ಟಿಯಲ್ಲೂ ಕ್ಯೂಆರ್ ಕಾರ್ಡು ಇದೆ. ಅದರಿಂದ ಖಾತೆಯಲ್ಲಿ ದಿನದ ವ್ಯಾಪಾರದ ಗುರುತು ಉಳಿಯುತ್ತದೆ, ಸಾಲ ಕೇಳಲು ಹೋದಾಗ ತೋರಿಸಲು ಒಂದು ಕಾಗದವಾಗುತ್ತದೆ. 2015ರ ಮುದ್ರಾ ಯೋಜನೆ ಮತ್ತು ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಾಗಿ 10,000 ರೂಪಾಯಿ ಕೊಡಲು 2020ರಲ್ಲಿ ಆರಂಭಿಸಿದ ಸ್ವನಿಧಿ ಯೋಜನೆಗಳ ಅರ್ಜಿ ತುಂಬುವುದು ನಿಮ್ಮಲ್ಲಿ ಯಾರಿಗೂ ಕಷ್ಟವಲ್ಲ. ಮನೆಯಲ್ಲಿ ಗಾಡಿ ಇಟ್ಟವರಿದ್ದರೆ ಒಮ್ಮೆ ಕುಳಿತು ಮಾತಾಡಿ. ಬಡ್ಡಿಯ ವಿಷಯದಲ್ಲಿ ನಮ್ಮ ಅನೇಕ ಮನೆಗಳಲ್ಲಿ ಹಿಂಜರಿಕೆಯಿದೆ, ಅದು ಅವರವರ ನಂಬಿಕೆ. ಆದರೆ ಬ್ಯಾಂಕಿಗೆ ಹೆದರಿ ವಾರದ ಬಡ್ಡಿಯವನ ಹತ್ತಿರ ಹೋಗುವವರನ್ನೂ ಕಂಡಿದ್ದೇನೆ.

ಹೊಸ ಅಂಗಡಿಗಳೂ ಕಾರಣವಿಲ್ಲದೆ ಹುಟ್ಟುವುದಿಲ್ಲ. ರಬಕವಿ-ಬನಹಟ್ಟಿ ತಾಲ್ಲೂಕು ಕೇಂದ್ರವಾದ ಮೇಲೆ ಝೆರಾಕ್ಸ್, ಆನ್‌ಲೈನ್ ಅರ್ಜಿ, ಬಾಂಡ್ ಬರೆಯುವವರು ಹೆಚ್ಚಿದರು. ಬೋರ್‌ವೆಲ್ ಇದ್ದಲ್ಲಿ ಮೋಟಾರ್ ವೈಂಡಿಂಗ್, ಟ್ರ್ಯಾಕ್ಟರ್ ಇದ್ದಲ್ಲಿ ಗ್ಯಾರೇಜು. ಮೊಬೈಲ್ ದುರಸ್ತಿಯ ಹುಡುಗರಲ್ಲಿ ಎಷ್ಟೋ ಜನ ನೇಕಾರರ ಮಕ್ಕಳು. ತೆಳುವಾದ ಎಳೆಗೆ ಒಗ್ಗಿದ ಕೈ ಅದು.

ಬೋರ್ಡಿಲ್ಲದ ಒಂದು ವ್ಯಾಪಾರವನ್ನು ಮರೆಯುವಂತಿಲ್ಲ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು, ಫಾಲ್ ಹಚ್ಚುವುದು, ಜಂಪರು ಹೊಲಿಯುವುದು. ನಮ್ಮ ಕಾಲೇಜಿನ ಹಲವು ವಿದ್ಯಾರ್ಥಿನಿಯರು ಸಂಜೆ ತಾಯಂದಿರ ಜತೆ ಕುಳಿತು ಇದನ್ನು ಮಾಡುತ್ತಾರೆ, ವಾಟ್ಸಾಪ್‌ನಲ್ಲಿ ವಿನ್ಯಾಸದ ಫೋಟೋ ಕಳಿಸಿ ಆರ್ಡರ್ ಹಿಡಿಯುತ್ತಾರೆ. ಪ್ರವೇಶ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬ ಕಡೆ ಮಾತ್ರ 'ಮನೆಗೆಲಸ' ಎಂದು ಬರೆದಿರುತ್ತಾರೆ. ಕಳೆದ ವರ್ಷ ನನ್ನ ತರಗತಿಯ ಒಬ್ಬಳಿಗೆ ಒಂದು ತಿಂಗಳ ನೂಲಿನ ಖರ್ಚು, ಕೂಲಿ, ಬಾಕಿ ಬರೆದು ತರಲು ಹೇಳಿದೆ. ಅವಳು ತಂದ ಪಟ್ಟಿಯಲ್ಲಿ ಬಾಕಿಯ ಕಲಮು ಎಲ್ಲಕ್ಕಿಂತ ಉದ್ದವಾಗಿತ್ತು. ಅದನ್ನು ನೋಡಿದ ಮೇಲೆ ತಾಯಿ ಮಗಳು ಮುಂಗಡ ಪಡೆಯದೆ ಸೀರೆ ಹಿಡಿಯುವುದಿಲ್ಲವಂತೆ.