ಮೊಬೈಲು ಆ್ಯಪುಗಳ ಪೂರ್ವಪರೀಕ್ಷೆ

ಅನ್ನ ಬೆಂದಿತೋ ಇಲ್ಲವೋ ಎಂದು ನೋಡುವುದಕ್ಕೆ ಒಂದಗುಳು ಸಾಕೆಂಬುದು ನಮ್ಮ ಮನೆಗಳಲ್ಲಿ ನಿತ್ಯವೂ ಕೇಳಿಬರುವ ಮಾತು. ಭತ್ತವನ್ನು ಬೆಳೆದು ಬಾಳುವ ಸಿರುಗುಪ್ಪದ ಸೀಮೆಯವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ ಇರುವಲ್ಲಿ ಒಂದಗುಳಿನ ಸ್ಥಿತಿಯೇ ಮಿಕ್ಕವುಗಳ ಸ್ಥಿತಿಯೂ ಆಗಿರುವುದು. ಆದರೆ ಈಗ ಮನೆಮನೆಯಲ್ಲಿಯೂ ಬಳಕೆಗೆ ಬಂದಿರುವ ಮೊಬೈಲು ಆ್ಯಪುಗಳ ವಿಷಯದಲ್ಲಿ ಈ ಮಾತು ಸಲ್ಲುವುದಿಲ್ಲ. ಆ್ಯಪು ಒಂದೇ ಆದರೂ ಅದು ಬೇಯಬೇಕಾದ ಪಾತ್ರೆಗಳು ಲಕ್ಷಾಂತರವಾಗಿವೆ. ಒಬ್ಬರ ಫೋನು ಹೊಸದು, ಇನ್ನೊಬ್ಬರದು ಹಳೆಯದು. ಒಬ್ಬರು ನಗರದ ಕಚೇರಿಯಲ್ಲಿರುವರು, ಇನ್ನೊಬ್ಬರು ಕಾಲುವೆಯ ಕೊನೆಯ ಗದ್ದೆಯ ಬದುವಿನ ಮೇಲೆ ನಿಂತಿರುವರು. ಆದಕಾರಣ ಆ್ಯಪನ್ನು ಜನರ ಕೈಗೆ ಕೊಡುವ ಮೊದಲು ಹೇಗೆ ಪರೀಕ್ಷಿಸಬೇಕು, ಅದರ ದೋಷಗಳನ್ನು ಹೇಗೆ ಶೋಧಿಸಿ ನಿವಾರಿಸಬೇಕು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಅರಿತಿರುವುದು ಯುಕ್ತವೆಂದು ಭಾವಿಸಿ ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಇದು ಕೇವಲ ಯಂತ್ರಶಾಸ್ತ್ರಜ್ಞರಿಗೆ ಸೇರಿದ ವಿಷಯವೆಂದು ಯಾರೂ ಎಣಿಸಬಾರದು. 2020ರ ಮುಂಗಾರಿನಲ್ಲಿ ನಮ್ಮ ರಾಜ್ಯದ ರೈತರು ತಮ್ಮ ಹೊಲದ ಬೆಳೆಯ ವಿವರವನ್ನು ತಾವೇ ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ದಾಖಲಿಸುವ ಏರ್ಪಾಡಾಯಿತು. ಹೊಲದಲ್ಲಿ ನಿಂತು, ಸರ್ವೆ ನಂಬರನ್ನು ಆರಿಸಿ, ಬೆಳೆಯ ಹೆಸರನ್ನು ನಮೂದಿಸಿ, ಫೋಟೋ ತೆಗೆದು ಕಳುಹಿಸಬೇಕು. ಬೆಳೆವಿಮೆ, ಬೆಳೆಹಾನಿಯ ಪರಿಹಾರ, ಬೆಂಬಲ ಬೆಲೆಯ ಖರೀದಿ ಇವುಗಳಿಗೆಲ್ಲ ಈ ಸಮೀಕ್ಷೆಯ ವಿವರಗಳು ಆಧಾರವಾಗುವುವು. ಅನೇಕ ಮನೆಗಳಲ್ಲಿ ತಂದೆಯ ಪರವಾಗಿ ಫೋನನ್ನು ಹಿಡಿಯುವವಳು ಓದು ಬಲ್ಲ ಮಗಳೇ. ಇಂಥ ಆ್ಯಪಿನಲ್ಲಿ ಒಂದು ಸಣ್ಣ ದೋಷವಿದ್ದರೂ ಅದರ ಫಲವನ್ನು ಉಣ್ಣತಕ್ಕವರು ಆ ಮನೆಯವರಲ್ಲದೆ ಅದನ್ನು ರಚಿಸಿದವರಲ್ಲ.

ಪರೀಕ್ಷೆಗೆ ಒಂದು ಕ್ರಮವುಂಟು. ಮೊದಲು ಆ್ಯಪಿನ ಒಂದೊಂದು ಅಂಗವನ್ನೂ ಬೇರೆಬೇರೆಯಾಗಿ ಪರೀಕ್ಷಿಸುವರು. ಅನಂತರ ಅಂಗಗಳನ್ನು ಜೋಡಿಸಿ, ಒಂದು ಕೊಟ್ಟುದನ್ನು ಇನ್ನೊಂದು ಸರಿಯಾಗಿ ತೆಗೆದುಕೊಳ್ಳುವುದೇ ಎಂದು ನೋಡುವರು. ಕಡೆಗೆ ಇಡೀ ಆ್ಯಪನ್ನು ಸಾಮಾನ್ಯ ಬಳಕೆದಾರನಂತೆ ಆದ್ಯಂತ ನಡೆಸಿ ನೋಡುವರು. ಇದರಲ್ಲಿ ಜಾಣತನವಿರುವುದು ಸರಿಯಾದ ಉತ್ತರವನ್ನು ಕೊಟ್ಟು ನೋಡುವುದರಲ್ಲಲ್ಲ, ಎಲ್ಲೆಯ ಅಂಚಿನಲ್ಲಿರುವ ಉತ್ತರಗಳನ್ನು ಕೊಟ್ಟು ನೋಡುವುದರಲ್ಲಿ. ವಿಸ್ತೀರ್ಣದ ಜಾಗದಲ್ಲಿ ಸೊನ್ನೆ ಬರೆದರೆ ಏನಾಗುವುದು? ಹೆಸರನ್ನು ಬರೆಯದೆ ಬಿಟ್ಟರೆ ಏನಾಗುವುದು? ಗುಂಡಿಯನ್ನು ಆತುರದಿಂದ ಎರಡು ಸಲ ಒತ್ತಿದರೆ ಒಂದೇ ಅರ್ಜಿಯು ಎರಡಾಗಿ ಹೋಗುವುದೇ? ಇಂಥ ಪ್ರಶ್ನೆಗಳನ್ನು ಹಾಕಿಕೊಳ್ಳುವವರೇ ಒಳ್ಳೆಯ ಪರೀಕ್ಷಕರು.

ನಮ್ಮ ಸೀಮೆಯ ಅಳತೆಯಿಂದಲೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಳ್ಳಾರಿಯ ಸೀಮೆಯು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸಿನ ಆಡಳಿತದಲ್ಲಿದ್ದುದರಿಂದ ಇಲ್ಲಿ ಎಕರೆ ಮತ್ತು ಸೆಂಟುಗಳ ಲೆಕ್ಕವು ವಾಡಿಕೆಯಲ್ಲಿದೆ. ಹಳೆಯ ಮೈಸೂರಿನ ಕಡೆಯವರಾದರೋ ಎಕರೆ ಮತ್ತು ಗುಂಟೆಗಳಲ್ಲಿ ಎಣಿಸುವರು. ಎಕರೆಗೆ ಸೆಂಟುಗಳು 100, ಗುಂಟೆಗಳು 40. ಈಗ ಒಬ್ಬ ರೈತನು 1.20 ಎಂದು ಬರೆದನೆನ್ನಿ. ಸೆಂಟಿನ ಲೆಕ್ಕದಲ್ಲಿ ಅದು ಒಂದು ಎಕರೆಯೂ ಅದರ ಐದನೆಯ ಒಂದು ಭಾಗವೂ ಆಗುವುದು. ಗುಂಟೆಯ ಲೆಕ್ಕದಲ್ಲಿ ಒಂದೂವರೆ ಎಕರೆಯಾಗುವುದು. ಅಂಕೆಗಳಲ್ಲಿ ತಪ್ಪಿಲ್ಲ, ಯಂತ್ರದ ಗಣಿತದಲ್ಲಿಯೂ ತಪ್ಪಿಲ್ಲ. ಆದರೂ 12 ಗುಂಟೆ ನೆಲದ ವ್ಯತ್ಯಾಸವು ಬಂದೊದಗುವುದು. ಒಂದೇ ಅಳತೆಯನ್ನು ಬಲ್ಲವರು ಎಷ್ಟು ದಿನ ಪರೀಕ್ಷಿಸಿದರೂ ಈ ದೋಷವು ಕಣ್ಣಿಗೆ ಬೀಳಲಾರದು. ಸಿರುಗುಪ್ಪದವರೊಬ್ಬರನ್ನು ಕೂರಿಸಿಕೊಂಡು ಕೇಳಿದರೆ ಅರೆಗಳಿಗೆಯಲ್ಲಿ ಹೊರಬೀಳುವುದು.

ಲಿಪಿಯ ವಿಷಯವೂ ಇಂಥದೇ. "ಸಿರುಗುಪ್ಪ" ಎಂಬ ಪದವು ನಮ್ಮ ಕಣ್ಣಿಗೆ 4 ಅಕ್ಷರಗಳು. ಆದರೆ ಯಂತ್ರವು ಬಳಸುವ ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರವನ್ನು ಕೂಡಿಸುವ ಚಿಹ್ನೆ ಇವೆಲ್ಲ ಬೇರೆಬೇರೆ ಸಂಕೇತಗಳಾದುದರಿಂದ ಅದೇ ಪದಕ್ಕೆ 9 ಸಂಕೇತಗಳು ಬೇಕಾಗುವುವು. ಹೆಸರಿಗೆ 8 ಸಂಕೇತಗಳು ಸಾಕೆಂದು ಜಾಗವನ್ನು ಅಳೆದಿಟ್ಟರೆ ನಮ್ಮ ಊರು "ಸಿರುಗುಪ್" ಎಂದು ಮೊಟಕಾಗುವುದು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಬಾಲಿಕೆಯ ಹೆಸರು ಹೀಗೆ ತುಂಡಾಗಿ ಬ್ಯಾಂಕಿನ ಪುಸ್ತಕದ ಹೆಸರಿಗೆ ಹೊಂದದೆ ಹೋದರೆ ಆಗುವ ತೊಂದರೆಯನ್ನು ಪೋಷಕರು ಊಹಿಸಿಕೊಳ್ಳಬಹುದು. ಇನ್ನು ದೊಡ್ಡ ಸಂಸ್ಥೆಗಳವರಿಗೂ ನಮ್ಮ ಲಿಪಿಗಳ ಪರೀಕ್ಷೆಯು ಸುಲಭವಲ್ಲವೆಂಬುದಕ್ಕೆ ನೆರೆಯ ತೆಲುಗು ಭಾಷೆಯೇ ಸಾಕ್ಷಿ. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದು ಸಂಯುಕ್ತಾಕ್ಷರವು ಸಂದೇಶದಲ್ಲಿ ಬಂದೊಡನೆಯೇ ಆಪಲ್ ಸಂಸ್ಥೆಯ ಐಫೋನುಗಳಲ್ಲಿ ಆ ಸಂದೇಶವನ್ನು ತೋರಿಸಬೇಕಾದ ಆ್ಯಪುಗಳು ತಾವಾಗಿಯೇ ಮುಚ್ಚಿಹೋಗುತ್ತಿದ್ದುವು. ಅದೇ ತಿಂಗಳ 19ರಂದು ಆ ಸಂಸ್ಥೆಯವರು ತಿದ್ದುಪಡಿಯನ್ನು ಹೊರಡಿಸಿದರು.

ಮೂರನೆಯದಾಗಿ, ಸ್ಥಳದ ಪರೀಕ್ಷೆ. ಕಚೇರಿಯ ನೆರಳಿನಲ್ಲಿ ಚೆನ್ನಾಗಿ ಕಾಣುವ ತೆಳುಬಣ್ಣದ ಅಕ್ಷರಗಳು ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣಿಸುವುದೇ ಇಲ್ಲ. ಫೋಟೋ ಅರ್ಧ ಹೋಗಿರುವಾಗ ಸಿಗ್ನಲು ನಿಂತುಹೋದರೆ ಆ್ಯಪು ಅದನ್ನು ಜೋಪಾನವಾಗಿಟ್ಟುಕೊಂಡು ಆಮೇಲೆ ಕಳುಹಿಸಬೇಕೇ ಹೊರತು ಕಳೆದುಬಿಡಬಾರದು. ಉಪಗ್ರಹಗಳ ನೆರವಿನಿಂದ ಫೋನು ತಿಳಿಸುವ ಸ್ಥಾನವೂ ತೆರೆದ ಬಯಲಿನಲ್ಲಿಯೇ ಸುಮಾರು 5 ಮೀಟರು ಆಚೀಚೆಯಾಗುವುದುಂಟು. ಗದ್ದೆಯು ಕಿರಿದಾಗಿದ್ದರೆ ಅಷ್ಟರಲ್ಲಿಯೇ ನೆರೆಯವರ ಸರ್ವೆ ನಂಬರು ಬರುವುದು. ಆದುದರಿಂದ ಪರೀಕ್ಷಕರು ಬೇಕೆಂದೇ ಸಿಗ್ನಲನ್ನು ಕಡಿದು, ಅಗ್ಗದ ಫೋನುಗಳನ್ನು ಹಿಡಿದು, ಹೊಲದ ಅಂಚಿನಲ್ಲಿ ನಿಂತು ನೋಡುವುದು ಅವಶ್ಯಕ.

ದೋಷವು ಕಂಡಮೇಲೆ ನಿವಾರಣೆಯ ಕೆಲಸ. ಇದನ್ನು ಇಂಗ್ಲೀಷಿನಲ್ಲಿ ಹುಳು ತೆಗೆಯುವುದೆಂಬ ಅರ್ಥ ಬರುವಂತೆ ಡಿಬಗ್ಗಿಂಗ್ ಎನ್ನುವರು. ಯಂತ್ರದ ದೋಷಕ್ಕೆ ಹುಳುವೆಂಬ ಹೆಸರು ಬಹು ಹಿಂದಿನಿಂದಲೇ ಇದ್ದಿತು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಗಣಕಯಂತ್ರದೊಳಗೆ ನಿಜವಾದ ಪತಂಗವೇ ಸಿಕ್ಕಿಕೊಂಡಿರಲು, ಕೆಲಸಗಾರರು ಅದನ್ನು ತೆಗೆದು ದಿನಚರಿಯ ಪುಸ್ತಕದಲ್ಲಿ ಅಂಟಿಸಿಟ್ಟರು. ಈ ಪ್ರಸಂಗವನ್ನು ಲೋಕಕ್ಕೆ ಹೇಳಿ ಪ್ರಸಿದ್ಧಿಪಡಿಸಿದವರು ಆ ತಂಡದಲ್ಲಿದ್ದ ಗ್ರೇಸ್ ಹಾಪರ್ ಎಂಬ ಗಣಿತವಿದುಷಿ. ನಿವಾರಣೆಗೆ ನಾಲ್ಕು ಮೆಟ್ಟಿಲುಗಳು: ದೋಷವು ಮತ್ತೆ ಮತ್ತೆ ಕಾಣುವಂತೆ ಮಾಡುವುದು, ಯಾವ ಭಾಗದಲ್ಲಿದೆಯೆಂದು ಅರ್ಧರ್ಧವಾಗಿ ಭಾಗಿಸಿ ಹುಡುಕುವುದು, ಮೇಲಿನ ಲಕ್ಷಣವನ್ನು ಮುಚ್ಚದೆ ಮೂಲಕಾರಣವನ್ನೇ ತಿದ್ದುವುದು, ತಿದ್ದಿದ ಬಳಿಕ ಹಳೆಯ ಪರೀಕ್ಷೆಗಳನ್ನೆಲ್ಲ ಪುನಃ ನಡೆಸುವುದು. ಹರಿದ ಬಟ್ಟೆಗೆ ಹೊಲಿಗೆ ಹಾಕುವಾಗ ಪಕ್ಕದ ಅರಿವೆಯು ಸುಕ್ಕಾಗುವಂತೆ, ಒಂದು ಕಡೆಯ ತಿದ್ದುಪಡಿಯು ಇನ್ನೊಂದು ಕಡೆ ಹೊಸ ದೋಷವನ್ನು ಹುಟ್ಟಿಸುವುದು ಸಾಮಾನ್ಯ.

ಇಷ್ಟಾದರೂ ಒಮ್ಮೆಗೇ ಎಲ್ಲರಿಗೂ ಕೊಡುವುದು ವಿವೇಕವಲ್ಲ. ಗೂಗಲ್ ಸಂಸ್ಥೆಯ ಪ್ಲೇ ಸ್ಟೋರಿನಲ್ಲಿ 2023ರ ನವೆಂಬರ್ 13ರ ತರುವಾಯ ವೈಯಕ್ತಿಕ ಖಾತೆಯನ್ನು ತೆರೆದ ರಚನಕಾರರು ಮೊದಲು ಕೆಲವು ಜನರಿಂದ ಸತತವಾಗಿ 14 ದಿನ ಪರೀಕ್ಷೆ ಮಾಡಿಸಬೇಕೆಂಬ ನಿಯಮವು ಬಂದಿತು. ಆ ಜನರ ಸಂಖ್ಯೆಯು ಮೊದಲು 20 ಇದ್ದುದು 2024ರ ಡಿಸೆಂಬರಿನಲ್ಲಿ 12ಕ್ಕೆ ಇಳಿಯಿತು. ನಮ್ಮ ನೆರೆಯ ಕರ್ನೂಲು ಜಿಲ್ಲೆಯಲ್ಲಿಯೂ ಇದೇ ವಿವೇಕದ ನಿದರ್ಶನವುಂಟು. ಇಕ್ರಿಸ್ಯಾಟ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳವರು ಬಿತ್ತನೆಗೆ ತಕ್ಕ ದಿನವನ್ನು ಫೋನಿನ ಸಂದೇಶದ ಮೂಲಕ ತಿಳಿಸುವ ಏರ್ಪಾಡನ್ನು 2016ರಲ್ಲಿ ದೇವನಕೊಂಡ ಮಂಡಲದ 175 ರೈತರಿಗೆ ಮಾತ್ರ ಕೊಟ್ಟು ನೋಡಿ, ಅನಂತರವೇ ಕರ್ನಾಟಕದ ಕಡೆಗೂ ವಿಸ್ತರಿಸಿದರು.

ಎಷ್ಟು ಪರೀಕ್ಷಿಸಿದರೂ ದೋಷವಿದೆಯೆಂದು ತೋರಿಸಬಹುದಲ್ಲದೆ ಇಲ್ಲವೇ ಇಲ್ಲವೆಂದು ಸಾಧಿಸಲಾಗದು. ಆದುದರಿಂದ ಬಳಸುವ ನಾವೂ ಪರೀಕ್ಷಕರೇ ಸರಿ. ಆ್ಯಪು ಕೈಕೊಟ್ಟಾಗ "ಕೆಲಸ ಮಾಡುವುದಿಲ್ಲ" ಎಂದು ಗೊಣಗಿ ಸುಮ್ಮನಾಗದೆ, ಯಾವ ಫೋನು, ಯಾವ ದಿನ, ಯಾವ ಗುಂಡಿಯನ್ನು ಒತ್ತಿದೆವು, ಏನಾಗಬೇಕಾಗಿತ್ತು, ಏನಾಯಿತು ಎಂಬುದನ್ನು ಬರೆದು ಪರದೆಯ ಚಿತ್ರದೊಡನೆ ಸಂಬಂಧಪಟ್ಟವರಿಗೆ ತಿಳಿಸಬೇಕು. ಹಾಗೆ ಕಳುಹಿಸುವ ಚಿತ್ರದಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ ಮೊದಲಾದುವು ಕಾಣದಂತೆ ಎಚ್ಚರ ವಹಿಸಬೇಕು. ಇನ್ನು ಮುಂದಿನ ಉದ್ಯೋಗವನ್ನು ಯೋಚಿಸುತ್ತಿರುವ ಬಾಲಿಕೆಯರಿಗೆ ಒಂದು ಮಾತು: ತಾಳ್ಮೆ, ಸೂಕ್ಷ್ಮದೃಷ್ಟಿ, ಬಡವರ ಕಷ್ಟವನ್ನು ಅರಿತ ಮನಸ್ಸು ಇವು ಈ ಕೆಲಸಕ್ಕೆ ಬೇಕಾದ ಮುಖ್ಯ ಗುಣಗಳು. ಗದ್ದೆಯ ಬದುವನ್ನೂ ಒತ್ತಕ್ಷರವನ್ನೂ ಸೆಂಟಿನ ಲೆಕ್ಕವನ್ನೂ ಬಲ್ಲ ಸಿರುಗುಪ್ಪದ ಕನ್ಯೆಯು ಬೆಂಗಳೂರಿನ ಪರೀಕ್ಷಾಲಯದಲ್ಲಿ ಕುಳಿತರೆ, ಅಲ್ಲಿ ಬೇರೆ ಯಾರಿಗೂ ಹೊಳೆಯದ ಪ್ರಶ್ನೆಯನ್ನು ಅವಳು ಕೇಳಬಲ್ಲಳು. ಆ ಒಂದು ಪ್ರಶ್ನೆಯಿಂದ ಎಷ್ಟೋ ಮನೆಗಳ ಫಸಲಿನ ಲೆಕ್ಕವು ಸರಿಯಾಗಿ ಉಳಿಯುವುದು.